ಟವೆಲ್ಲಿನ ಕೆಳಗಿನ ಒಪ್ಪಂದ

ಮೂರು ನಲವತ್ತು

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಗೌಡರು ನಕ್ಕರು. ಕೆಟ್ಟದ್ದೆಲ್ಲ ಶುರುವಾದದ್ದು ಆ ನಗುವಿನಿಂದ.

ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ನಮ್ಮ ಬಸ್ಸು ಆ ಹಳ್ಳಿಯಿಂದ ಮೂರೂವರೆಗೆ ಹೊರಡಬೇಕಿತ್ತು. ಹತ್ತು ನಿಮಿಷ ತಡವಾಯಿತಲ್ಲ ಎಂದು ನಾನು ಕೈಗಡಿಯಾರ ನೋಡಿಕೊಂಡ ಗಳಿಗೆಯಲ್ಲೇ ಅವರು ನಕ್ಕದ್ದು. ಬಸ್ಸಿನ ಬಾಗಿಲ ಕೆಳಗೆ ನಿಂತಿದ್ದ ನೀಮಾಳನ್ನು ಕೇಳಿದ್ದರೆ ಒಂಬತ್ತು ನಲವತ್ತು ಎನ್ನುತ್ತಿದ್ದಳು. ತಾಂಜಾನಿಯಾದಲ್ಲಿ ಜನ ಬಾಯಲ್ಲಿ ಹೇಳುವ ಗಂಟೆಯ ಲೆಕ್ಕ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ಬೆಳಗಿನ ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ಗೌಡರು ನಕ್ಕ ಆ ಹೊತ್ತಿಗೆ ದೊಡವಾಡದ ನಮ್ಮ ಮನೆಯಲ್ಲಿ ಸಂಜೆ ಆರೂ ಹತ್ತು, ಅವ್ವ ದೇವರ ಮುಂದೆ ದೀಪ ಹಚ್ಚುವ ಹೊತ್ತು. ಒಂದೇ ಗಳಿಗೆಗೆ ಮೂರು ಹೆಸರು. ಮುಂದಿನ ಗೊಂದಲಕ್ಕೆ ಅದೇ ಮುನ್ಸೂಚನೆ ಇದ್ದೀತು ಎಂದು ಈಗ ಅನಿಸುತ್ತದೆ.

ಯಾರು ಯಾರು ಎಂದು ಹೇಳಿಬಿಡುತ್ತೇನೆ. ಗೌಡರು ನಮ್ಮ ಭಾಗದ ಮಾಜಿ ಶಾಸಕರು, ಮುಂದಿನ ಸಲ ಲೋಕಸಭೆಗೆ ಟಿಕೆಟ್ ಸಿಗುತ್ತದೆಂದು ನಂಬಿದವರು. ನಾನು ಬೈಲಹೊಂಗಲದ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಅತಿಥಿ ಉಪನ್ಯಾಸಕಿ; ಗೌಡರ ಕನ್ನಡವನ್ನು ಇಂಗ್ಲಿಷಿಗೆ ಮಾಡಲು ಹೋದವಳು. ನೀಮಾ ಆ ಹಳ್ಳಿಯ ಶಾಲೆಯ ಶಿಕ್ಷಕಿ; ನನ್ನ ಇಂಗ್ಲಿಷನ್ನು ಅವರ ಭಾಷೆಗೆ ಮಾಡುತ್ತಿದ್ದವಳು. ಹಳ್ಳಿಯ ಹಿರಿಯರೊಬ್ಬರು ಕೇಳಿದ ಪ್ರಶ್ನೆಯನ್ನು ನೀಮಾ ನನಗೆ ಹೇಳಿದಳು, ನಾನು ಗೌಡರಿಗೆ ಹೇಳಿದೆ: ಲಾರಿಗಳು ಯಾವತ್ತು ಬರುತ್ತವೆ?

"ಯಾವ ಲಾರಿರೀ ಮೇಡಮ್?" ಎಂದು ಗೌಡರು ನಕ್ಕರು.

ಆ ನಗುವನ್ನು ನಾನೂ ಅನುವಾದಿಸಲಿಲ್ಲ, ನೀಮಾಳೂ ಅನುವಾದಿಸಲಿಲ್ಲ. ಆದರೂ ಅದು ಅಂಗಳದ ಕೊನೆಯಲ್ಲಿ ನಿಂತವರ ತನಕ ತಲುಪಿತು.

ಆಮೇಲಿನದು ಎಷ್ಟು ಹೊತ್ತು ನಡೆಯಿತು ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ. ನನ್ನ ಲೆಕ್ಕಕ್ಕೆ ನಾಲ್ಕು ತಾಸು. ಜೊತೆಗಿದ್ದ ಬಸಪ್ಪ ಕಾಕಾ ಒಂದು ತಾಸೂ ಆಗಲಿಲ್ಲ ಎನ್ನುತ್ತಾರೆ. ಫೋನಿನಲ್ಲಿರುವ ಫೋಟೋಗಳ ಸಮಯ ನೋಡಿದರೆ ಕಾಕಾ ಹೇಳುವುದೇ ಸರಿ. ಹೀಗಾಗಿ ಓದುವವರು ನನ್ನ ನೆನಪನ್ನು ಪೂರ್ತಿ ನಂಬಬೇಕಿಲ್ಲ. ನನಗೆ ನೆನಪಿರುವುದನ್ನು ನೆನಪಿರುವ ಹಾಗೆ ಬರೆಯುತ್ತಿದ್ದೇನೆ.

ನಾಲ್ಕು ಊರಿನ ಮಾತು

ನಾವು ಹನ್ನೊಂದು ಮಂದಿ ಅಷ್ಟು ದೂರ ಹೋದದ್ದು ಕಡಲೆ ನೋಡಲು.

ಹೊರಗಿನಿಂದ ಬರುವ ಕಡಲೆಯ ಮಾತು ನಮ್ಮಲ್ಲಿ ಕಟ್ಟೆಯ ಮೇಲಿನ ದಿನನಿತ್ಯದ ಮಾತು. ಹಡಗು ಬಂದರೆ ನಮ್ಮ ಪೇಟೆಯಲ್ಲಿ ದರ ಇಳಿಯುತ್ತದೆ, ನಿಂತರೆ ಏರುತ್ತದೆ. ಆ ಕಡಲೆ ಬೆಳೆಯುವ ದೇಶಗಳಲ್ಲಿ ತಾಂಜಾನಿಯಾ ಒಂದು ಎಂದು ಗೌಡರಿಗೆ ಯಾರೋ ಹೇಳಿದರು. "ವೈರಿ ಹೊಲಾ ಒಮ್ಮೆ ಕಣ್ಣಲೆ ನೋಡಿ ಬರೂಣು," ಎಂದು ರೈತರ ಅಧ್ಯಯನ ಪ್ರವಾಸ ಗೊತ್ತುಮಾಡಿದರು. ಎಂಟು ಎಕರೆ ಕಡಲೆ ಬಿತ್ತಿದ್ದ ನಮ್ಮಣ್ಣ ನನ್ನ ಚೀಲ ಬಸ್ಸಿಗೇರಿಸುತ್ತ, "ಅವರ ಕಡ್ಲಿಗೆ ಹುಳಾ ಹಿಡದಾವಿಲ್ಲೋ ನೋಡಿ ಬಾ," ಎಂದಿದ್ದ.

ಗೌಡರಿಗೆ ವಿದೇಶಾಂಗ ನೀತಿ ಇದೆ ಎಂಬುದು ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ಯಾವುದು ಎಂಬುದಷ್ಟೇ ಗೊತ್ತಿಲ್ಲ. ಸವದತ್ತಿಯಲ್ಲಿ ರೈತರ ಮುಂದೆ, ಹೊರಗಿನ ಒಂದು ಕಾಳೂ ನಮ್ಮ ಬಂದರು ದಾಟಬಾರದು ಎಂದರು. ಬೈಲಹೊಂಗಲದಲ್ಲಿ ಬೇಳೆ ಮಿಲ್ಲಿನವರ ಮುಂದೆ, ಗಿರಣಿ ವರ್ಷವಿಡೀ ತಿರುಗಬೇಕು, ಕಾಳು ಎಲ್ಲಿಂದಾದರೂ ಬರಲಿ, ಸುಂಕ ಬೇಡ ಎಂದರು. ರಾಮದುರ್ಗದಲ್ಲಿ ನೇಕಾರರ ಮುಂದೆ, ಜಗತ್ತಿನ ಎಲ್ಲ ದೇಶಗಳ ಜೊತೆ ಒಪ್ಪಂದವಾಗಬೇಕು, ನಮ್ಮ ಸೀರೆಗಳು ತಡೆಯಿಲ್ಲದೆ ಹೋಗಬೇಕು ಎಂದರು. ಕಿತ್ತೂರಿನಲ್ಲಿ ಕೋಟೆಯತ್ತ ಕೈಮಾಡಿ, ಪರದೇಶದವರ ಕಾಗದಕ್ಕೆ ಸಹಿ ಹಾಕಿದರೆ ಏನಾಗುತ್ತದೆಂದು ಈ ಮಣ್ಣಿಗೆ ಯಾರೂ ಕಲಿಸಬೇಕಿಲ್ಲ ಎಂದರು. ಮೂರು ಭಾಷಣಗಳನ್ನು ನಾನು ಎದುರಿಗೆ ಕೂತು ಕೇಳಿದ್ದೇನೆ, ನಾಲ್ಕನೆಯದನ್ನು ಮೊಬೈಲಿನಲ್ಲಿ. ನಾಲ್ಕೂ ಕಡೆ ಚಪ್ಪಾಳೆ ಬಿದ್ದಿತ್ತು. ನಾಲ್ಕೂ ಕಡೆ ಕೊನೆಯ ಮಾತು ಮಾತ್ರ ಒಂದೇ: ನಮ್ಮೂರ ಬೋರು ಬತ್ತಿರುವಾಗ ಪರದೇಶಕ್ಕೆ ನೆರವು ಕೊಡುವುದು ಯಾವ ಬುದ್ಧಿವಂತಿಕೆ?

ವಿಮಾನದಲ್ಲಿ ಧೈರ್ಯ ಮಾಡಿ ಕೇಳಿದೆ. ಅಲ್ಲಿ ಯಾರಾದರೂ ನಿಮ್ಮ ನಿಲುವೇನು ಅಂದರೆ ನಾನು ಇಂಗ್ಲಿಷಿನಲ್ಲಿ ಏನು ಹೇಳಲಿ ಎಂದು. ಗೌಡರು ಸೀಟಿನ ಪಟ್ಟಿ ಸಡಿಲ ಮಾಡಿಕೊಳ್ಳುತ್ತ, "ಮೇಡಮ್, ಎಲ್ಲಾರಿಗೂ ಒಂದ ಅಳತಿ ಅಂಗಿ ಹೊಲಸಾಕ ಬರತೈತೇನ್ರಿ? ಅಲ್ಲಿ ಹೋಗಿ ನೋಡೂಣು," ಎಂದರು.

ಅಲ್ಲಿನ ವಿಮಾನ ನಿಲ್ದಾಣದಲ್ಲಿ ನಮ್ಮ ಮೊದಲ ವ್ಯಾಪಾರ ಸಂಘರ್ಷ ನಡೆಯಿತು. ಬಸಪ್ಪ ಕಾಕಾ ಸಿರಸಂಗಿಯವರು, ಎಪ್ಪತ್ತು ದಾಟಿದವರು, ನಲವತ್ತು ವರ್ಷ ದನದ ಪೇಟೆಯಲ್ಲಿ ದಲಾಲಿ ಮಾಡಿ ಈಗ ಹೊಲ ನೋಡಿಕೊಂಡಿರುವವರು. ಅವರ ಚೀಲದಲ್ಲಿ ಖಡಕ್ ರೊಟ್ಟಿಯ ಕಟ್ಟು ಮತ್ತು ಎರಡು ಕಿಲೋ ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಇತ್ತು. ಕೆಂಪಗಿನ ಆ ಪುಡಿಯನ್ನು ಅಧಿಕಾರಿಯೊಬ್ಬಳು ಬೆಳಕಿಗೆ ಹಿಡಿದು ನೋಡಿದಳು. ನನ್ನ ಇಂಗ್ಲಿಷ್ ವಿವರಣೆ ಆಕೆಯನ್ನು ಇನ್ನಷ್ಟು ಅನುಮಾನಕ್ಕೆ ತಳ್ಳಿತು. ಕಾಕಾ ಮಾತಿಲ್ಲದೆ ಒಂದು ರೊಟ್ಟಿ ಮುರಿದು ಹಿಂಡಿ ಹಚ್ಚಿ ತಾವು ತಿಂದರು, ಇನ್ನೊಂದು ತುಂಡನ್ನು ಆಕೆಯ ಮುಂದೆ ಹಿಡಿದರು. ಆಕೆ ಅತ್ತಿತ್ತ ನೋಡಿ ತಿಂದಳು. ಕಣ್ಣಲ್ಲಿ ನೀರು ಬಂತು. ಬಿಟ್ಟಳು.

ಅದೇ ಎರೆ, ಅದೇ ಕೆಸರು

ದೊಡ್ಡ ಸರೋವರದ ಆಚೆಗಿನ ಆ ಸೀಮೆಗೆ ಬಸ್ಸು ಇಳಿದಾಗ ನಮ್ಮವರೆಲ್ಲ ಕಿಟಕಿಗೆ ಮುಖವಿಟ್ಟರು. ಕಪ್ಪು ಎರೆ ಮಣ್ಣು. ಕಣ್ಣು ಹಾಯುವ ತನಕ ಹತ್ತಿ, ನಡುನಡುವೆ ಗೋವಿನಜೋಳ, ಅಲ್ಲೊಂದು ಇಲ್ಲೊಂದು ಜಾಲಿ. ಕಣ್ಣು ಕಟ್ಟಿ ಕರೆತಂದು ಇಲ್ಲಿ ಬಿಚ್ಚಿದ್ದರೆ ಸವದತ್ತಿಯ ಆಚೆ ಎಲ್ಲೋ ಇದ್ದೇನೆ ಎನ್ನುತ್ತಿದ್ದೆ. ಕಾಕಾ ಬಸ್ಸು ನಿಲ್ಲಿಸಿ ಇಳಿದು ಒಂದು ಹೆಂಟೆ ಎತ್ತಿ ಬೆರಳಲ್ಲಿ ಮಿದಿದರು. ವೈರಿ ಹೊಲದ ಬಗ್ಗೆ ಅವರು ಹೇಳಿದ್ದು ಇಷ್ಟೇ: "ನಮ್ಮದ ಐತಿ."

ಹಿಂದಿನ ದಿನ ಮಳೆಯಾಗಿತ್ತು. ಎರೆ ಮಣ್ಣು ಮಳೆಯಲ್ಲಿ ಏನು ಮಾಡುತ್ತದೆಂದು ನಮ್ಮವರಿಗೆ ಹೇಳಬೇಕಿಲ್ಲ. ಹಳ್ಳಿ ಇನ್ನೂ ಅರ್ಧ ಮೈಲಿ ಇರುವಾಗ ಬಸ್ಸಿನ ಹಿಂದಿನ ಗಾಲಿಗಳು ಹೂತವು. ಹೊಲಗಳಿಂದ ಹತ್ತಿಪ್ಪತ್ತು ಮಂದಿ ಬಂದರು, ಗಾಲಿಯ ಕೆಳಗೆ ಟೊಂಗೆ ಹಾಕಿ ತಳ್ಳಿದರು. ಜಾರಿ ಬಿದ್ದ ನನ್ನನ್ನು ಎತ್ತಿ ನಿಲ್ಲಿಸಿದ ಹೆಂಗಸು "ಪೋಲೆ" ಎಂದಳು. ಎಡವಿದವರಿಗೆ, ಜ್ವರ ಬಂದವರಿಗೆ, ಸತ್ತವರ ಮನೆಯವರಿಗೆ, ಎಲ್ಲರಿಗೂ ಹೇಳುವ ಮಾತು ಅದು ಎಂದು ನೀಮಾ ಆಮೇಲೆ ವಿವರಿಸಿದಳು. ನಮ್ಮ ಕನ್ನಡದಲ್ಲಿ ಅದಕ್ಕೆ ಪದ ಹುಡುಕಿದೆ, ಸಿಗಲಿಲ್ಲ. ಬೆಳಿಗ್ಗೆ ನಮ್ಮ ಬಸ್ಸನ್ನು ಭುಜ ಕೊಟ್ಟು ಎತ್ತಿದವರೇ ಮಧ್ಯಾಹ್ನ ಅದರ ಮುಂದೆ ನಿಂತವರು. ಅದನ್ನು ಜೋಡಿಸಿ ನೋಡಲು ಹೋದಾಗೆಲ್ಲ ನನ್ನ ತಲೆ ನಿಂತುಬಿಡುತ್ತದೆ.

ಆ ಜನರ ಮರ್ಯಾದೆ ನಮ್ಮಲ್ಲಿಯದಕ್ಕಿಂತ ಒಂದು ತೂಕ ಹೆಚ್ಚೇ. ಹಿರಿಯರನ್ನು ಕಂಡರೆ ಕಿರಿಯರು "ಶಿಕಾಮೂ" ಎನ್ನಬೇಕು, ಹಿರಿಯರು "ಮರಹಬಾ" ಎಂದು ಅದನ್ನು ಒಪ್ಪಿಕೊಳ್ಳಬೇಕು. ಆಮೇಲೆ ಮನೆ, ಮಕ್ಕಳು, ದನ, ಮಳೆ ಎಲ್ಲದರ ಕ್ಷೇಮ ವಿಚಾರಿಸಿದ ಮೇಲೆಯೇ ಕೆಲಸದ ಮಾತು. ಬಸಪ್ಪ ಕಾಕಾ ಅರ್ಧ ದಿನದಲ್ಲಿ ನಲವತ್ತು ಶಿಕಾಮೂ ಗಳಿಸಿ ಖುಷಿಯಲ್ಲಿದ್ದರು. ಊಟಕ್ಕೆ ಮೊದಲು ತಂಬಿಗೆಯಿಂದ ನಮ್ಮ ಕೈಮೇಲೆ ಬಿಸಿನೀರು ಸುರಿದರು. ಗೋವಿನಜೋಳದ ಗಟ್ಟಿ ಮುದ್ದೆ, ಸೊಪ್ಪಿನ ಪಲ್ಯ. ನಮ್ಮವರು ಹಿಂಡಿ ಹಚ್ಚಿಕೊಂಡು ಉಂಡರು.

ಶಾಲೆಯ ಅಂಗಳದಲ್ಲಿ ನೀರಿನ ಪಂಪು ಇತ್ತು. ಅದರ ಗೋಡೆಯ ಮೇಲೆ ನಮ್ಮ ಬಾವುಟದ ಚಿತ್ರ, ಭಾರತದ ನೆರವು ಎಂದು ಬರಹ. ಇದು ಬಂದ ಮೇಲೆ ಹುಡುಗಿಯರು ನೀರಿಗೆ ಹೋಗದೆ ತರಗತಿಗೆ ಬರುತ್ತಾರೆ ಎಂದು ನೀಮಾ ಹೇಳಿದಳು. ಗೌಡರು ಪಂಪಿನ ಹಿಡಿಕೆ ಹಿಡಿದು ಫೋಟೋ ತೆಗೆಸಿಕೊಂಡರು. "ನೋಡ್ರಿ ಮೇಡಮ್, ನಮ್ಮ ದೇಶಾ ಏನ ಸಣ್ಣದ?" ಎಂದರು. ಬತ್ತಿದ ಬೋರಿನ ಭಾಷಣ ನನ್ನ ಕಿವಿಯಲ್ಲಿತ್ತು. ಆದರೆ ಅವರ ಮುಖದಲ್ಲಿ ನಿಜವಾದ ಹೆಮ್ಮೆ ಇತ್ತು, ಅದನ್ನು ನಾನು ಸುಳ್ಳೆನ್ನಲಾರೆ.

ಉಗ್ರಾಣದ ಅಂಗಳ

ಶಾಲೆಯ ಪಕ್ಕದಲ್ಲೇ ಬೆಳೆಗಾರರ ಉಗ್ರಾಣ. ಬಾಗಿಲು ತೆರೆದಾಗ ಕಡಲೆಯ ವಾಸನೆ ಎದೆಗೆ ಬಡಿಯಿತು. ಚೀಲಗಳು ಸೂರಿನ ತನಕ. ನಮ್ಮ ದೇಶ ಸುಂಕ ಏರಿಸಿದ ಮೇಲೆ ಕೊಳ್ಳುವವರ ಲಾರಿ ಬರುವುದು ನಿಂತಿತ್ತು. ಅವುಗಳಲ್ಲಿ ನೀಮಾಳ ಅವ್ವನ ಮೂವತ್ತು ಚೀಲವೂ ಇದ್ದವು. ಹುಳ ಹಿಡಿದಿತ್ತೇ ಎಂದು ನೋಡಿದೆ. ಹಿಡಿದಿರಲಿಲ್ಲ.

ಅಲ್ಲಿ ನನಗೊಂದು ವಿಷಯ ಅರ್ಥವಾಯಿತು, ಅರ್ಥವಾಗಿಯೂ ಸುಮ್ಮನಿದ್ದೆ. ನಮ್ಮ ಪ್ರವಾಸದ ಪತ್ರ ಬಂದಾಗ ಅದನ್ನು ಊರಿಗೆ ಓದಿ ಹೇಳಿದವಳು ನೀಮಾ. "ಮಾಜಿ ಶಾಸಕ" ಎಂಬುದನ್ನು ಅವಳು "ಭಾರತದ ನಾಯಕರು" ಎಂದು ಹೇಳಿದ್ದಳು. ನಾವು ಅವರ ಕಡಲೆ ಬರದಂತೆ ತಡೆಯುವ ದಾರಿ ಹುಡುಕಲು ಹೋಗಿದ್ದೆವು. ಅವರು ಕೊಳ್ಳುವವರು ಬಂದರೆಂದು ಅಂಗಳ ಗುಡಿಸಿ ಕಾದಿದ್ದರು.

ಮಾವಿನ ಮರದ ಕೆಳಗೆ ಸಭೆ ಸೇರಿತು. ಬೆಳೆಗಾರರ ಹಿರಿಯನನ್ನು ನಾವು ಅಜ್ಜ ಎಂದೇ ಕರೆಯತೊಡಗಿದ್ದೆವು. ಎತ್ತರದ ಆಳು, ಮೆಲು ಮಾತು. ನಿಮ್ಮಲ್ಲಿ ವ್ಯಾಪಾರ ಹೇಗೆ ಮಾಡುತ್ತೀರಿ ಎಂದು ಅಜ್ಜ ಕೇಳಿದ. ಗೌಡರು ಆಗ ಗೇಟಿನ ಹತ್ತಿರ, ಫೋನಿನ ಸಿಗ್ನಲ್ ಸಿಗುವ ಒಂದೇ ಜಾಗದಲ್ಲಿ, ಯಾರದೋ ಜೊತೆ ಮಾತಾಡುತ್ತಿದ್ದರು. ಉತ್ತರ ಹೇಳುವ ಪಾಳಿ ಬಸಪ್ಪ ಕಾಕಾನಿಗೆ ಬಂತು.

ಕಾಕಾ ಹೆಗಲ ಮೇಲಿನ ಟವೆಲ್ ತೆಗೆದರು. ದನದ ಪೇಟೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ದರ ಕೇಳುತ್ತಾರೆ, ಬೆರಳು ಬಿಡಿಸಿ ಬೇಡ ಎನ್ನುತ್ತಾರೆ. ಸುತ್ತ ನಿಂತವರಿಗೆ ಏನೂ ಕಾಣುವುದಿಲ್ಲ. ಒಪ್ಪಿಗೆಯಾದರೆ ಇಡೀ ಅಂಗೈ ಹಿಡಿದು ಅದುಮಬೇಕು. ಆಮೇಲೆ ಕೊಳ್ಳುವವನು ಮಾರುವವನ ಕೈಗೆ ಸಂಚಕಾರ ಇಡಬೇಕು, ಅಂದರೆ ವ್ಯಾಪಾರ ಮುಗಿಯಿತೆಂಬುದಕ್ಕೆ ಗುರುತಿನ ಚಿಲ್ಲರೆ ಹಣ. ಕಾಕಾ ಹೇಳಿದ್ದನ್ನು ನಾನು ನೀಮಾಳಿಗೆ ಹೇಳಿದೆ, ಅವಳು ಜನಕ್ಕೆ ಹೇಳಿದಳು. ಕಾಕಾ ಕೊನೆಗೆ ಬೆರಳೆತ್ತಿ, "ಸಂಚಕಾರ ಕೊಟ್ಟ ಮ್ಯಾಲೆ ಮುಗೀತು. ಯಾರ ಅಪ್ಪ ಬಂದ್ರೂ ಮುರಿಯಾಕ ಬರೂದಿಲ್ಲ," ಎಂದರು. ಅದನ್ನೂ ಹೇಳಿದೆವು. ಜನ ತಲೆದೂಗಿದರು. ಅಜ್ಜ ತನ್ನ ಕೈಯನ್ನು ಕಾಕಾನ ಟವೆಲ್ಲಿನ ಕೆಳಗಿಟ್ಟು ಎರಡು ಸಲ ಅಭ್ಯಾಸ ಮಾಡಿದ. ಎಲ್ಲರೂ ನಕ್ಕರು.

ಆ ನಗು ಕೇಳಿ ಗೌಡರು ಬಂದರು. "ಸರೀ ಕಾಕಾ, ನಾ ತೋರಸ್ತೇನಿ," ಎಂದು ಕೂತು ಟವೆಲ್ಲಿನ ಕೆಳಗೆ ಅಜ್ಜನ ಕೈ ಹಿಡಿದರು. ಅದು ಎಷ್ಟು ಹೊತ್ತು ನಡೆಯಿತೆಂಬುದಕ್ಕೂ ನನ್ನಲ್ಲಿ ಲೆಕ್ಕವಿಲ್ಲ. ಟವೆಲ್ ಅಲುಗುತ್ತಿತ್ತು. ಗೌಡರು ಫೋಟೋ ತೆಗೆಯುವವರ ಕಡೆ ನೋಡಿ ಮುಗುಳ್ನಗುತ್ತಿದ್ದರು. ಅಜ್ಜ ಯಾರನ್ನೂ ನೋಡುತ್ತಿರಲಿಲ್ಲ. ಅಂಗಳದಲ್ಲಿದ್ದ ಇಬ್ಬರು ಅನುವಾದಕರಿಗೆ ಕೆಲಸವಿರಲಿಲ್ಲ. ಕಾಕಾ, ರೂಢಿಯಂತೆ, ಮುಖ ತಿರುಗಿಸಿ ಮರ ನೋಡುತ್ತಿದ್ದರು.

ಗೌಡರು ಕೈ ತೆಗೆದವರೇ ಎದ್ದು, ತಮ್ಮ ಚೀಲದಿಂದ ಶಾಲು ತೆಗೆದು ಅಜ್ಜನಿಗೆ ಹೊದಿಸಿದರು. ಎಲ್ಲಿ ಹೋದರೂ ಸನ್ಮಾನಕ್ಕೆಂದು ಇಪ್ಪತ್ತು ಶಾಲು ಅವರ ಬಳಿ ಇದ್ದೇ ಇರುತ್ತವೆ. ಶಾಲಿನ ಜೊತೆ ಕಾಣಿಕೆ ಇಡುವುದೂ ನಮ್ಮ ಪದ್ಧತಿ. ಜೇಬಿನಿಂದ ನೂರರ ನೋಟು ತೆಗೆದು, ಅದರ ಮೇಲೊಂದು ರೂಪಾಯಿ ಇಟ್ಟು, ಎರಡೂ ಕೈಯಿಂದ ಅಜ್ಜನ ಅಂಗೈಗೆ ಕೊಟ್ಟು ನಮಸ್ಕಾರ ಮಾಡಿದರು.

ಆ ಕ್ಷಣದಲ್ಲಿ ನನಗೆ ಹೊಳೆಯಬೇಕಿತ್ತು. ಸಂಚಕಾರದ ಮಾತನ್ನು ನನ್ನ ಬಾಯಿಂದಲೇ ಹೇಳಿ ಹತ್ತು ನಿಮಿಷವಾಗಿತ್ತು. ಗೌಡರು ಅದನ್ನು ಕೇಳಿರಲಿಲ್ಲ, ನಾನು ಕೇಳಿದ್ದೆ. ಅಜ್ಜ ನೋಟನ್ನು ಎತ್ತಿ ಹಿಡಿದು ಏನೋ ಹೇಳಿದ. ಹೆಂಗಸರು ನಾಲಿಗೆ ಆಡಿಸಿ ಉದ್ದನೆಯ ಕೇಕೆ ಹಾಕಿದರು. ನೀಮಾ ನನ್ನನ್ನು ತಬ್ಬಿಕೊಂಡಳು, ಅವಳ ಕಣ್ಣು ಒದ್ದೆಯಾಗಿತ್ತು. ಸನ್ಮಾನದಲ್ಲಿ ಕಣ್ಣೀರು ಬರುವುದು ನಮ್ಮಲ್ಲೂ ಇದ್ದದ್ದೇ ಅಂದುಕೊಂಡೆ. ಅಜ್ಜ ಏನೆಂದ ಎಂದು ಕೇಳಲಿಲ್ಲ.

ಬಸ್ಸಿನೊಳಗೆ

ಲಾರಿಯ ಪ್ರಶ್ನೆಗೆ ಗೌಡರು ನಕ್ಕ ಮೇಲೆ ಅಜ್ಜ ಇನ್ನೊಮ್ಮೆ ಕೇಳಿದ. ಗೌಡರು, "ಅದು ಚಾಷ್ಟಿಗೆ ಮಾಡಿದ್ದು ಅಂತ ಹೇಳ್ರಿ," ಎಂದರು. ತಮಾಷೆಗೆ ಮಾಡಿದ್ದು ಎಂದು ನೀಮಾಳಿಗೆ ಹೇಳಿದೆ. ಅವಳು ಅದನ್ನು ಅಜ್ಜನಿಗೆ ಹೇಳಲಿಲ್ಲ. "ಆ ಮಾತನ್ನು ಇಲ್ಲಿ ಜೋರಾಗಿ ಆಡಬೇಡ," ಎಂದು ನನಗೇ ಹೇಳಿದಳು. ಆದರೆ ಗುಂಪಿನಲ್ಲಿ ಇಂಗ್ಲಿಷ್ ಬಲ್ಲ ಇನ್ನೊಬ್ಬ ಶಿಕ್ಷಕನಿದ್ದ. ಅವನು ಹೇಳಿಬಿಟ್ಟ.

ಸದ್ದು ಹೇಗೆ ಏರಿತೆಂದು ಹೇಳಲಾರೆ. ನಮ್ಮನ್ನು ಬಸ್ಸಿಗೆ ಹತ್ತಿಸಿದವರು ಯಾರು ಎಂಬುದೂ ಗೊತ್ತಿಲ್ಲ. ಚಾಲಕ ದೊಡ್ಡ ಊರಿನವನು. ಬೀಗದ ಕೈ ತೆಗೆದು ಕಿಟಕಿಯಿಂದ ಅಜ್ಜನ ಕೈಗೆ ಕೊಟ್ಟು ತಾನು ಇಳಿದು ದೂರ ಹೋಗಿ ನಿಂತ. ಬೆಳಿಗ್ಗೆ ಗಾಲಿಗೆ ಹಾಕಿದ್ದ ಟೊಂಗೆಗಳು ಈಗ ಬಸ್ಸಿನ ಮುಂದೆ ಅಡ್ಡ ಬಿದ್ದಿದ್ದವು. ಬಸ್ಸು ಎರಡೂ ಕಡೆಯಿಂದ ತೂಗತೊಡಗಿತು. ಮೇಲಿನ ಕಂಬಿಯಿಂದ ನಮ್ಮ ಚೀಲಗಳು ಬಿದ್ದವು. ನನ್ನ ಪಕ್ಕದ ಗಾಜು ಒಡೆಯಿತು. ಕಲ್ಲು ಎಂದು ನಾನು ಹೇಳುತ್ತೇನೆ, ಗೋವಿನಜೋಳದ ತೆನೆ ಎಂದು ಕಾಕಾ ಹೇಳುತ್ತಾರೆ. ಮಡಿಲಲ್ಲಿ ಗಾಜಿನ ಚೂರುಗಳಿದ್ದದ್ದು ನಿಜ. ಒಂದು ಇನ್ನೂ ನನ್ನ ಪರ್ಸಿನಲ್ಲಿದೆ.

ನಮ್ಮವರು ಸೀಟುಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದರು. ಗೌಡರು ಯಾರು ಯಾರಿಗೋ ಫೋನು ಹಚ್ಚುತ್ತಿದ್ದರು, ಸಿಗ್ನಲ್ ಇರಲಿಲ್ಲ. ಕಾಕಾ ಒಬ್ಬರೇ ನೆಟ್ಟಗೆ ಕೂತಿದ್ದರು.

"ಗೌಡ್ರ," ಎಂದರು, "ವ್ಯಾಪಾರ ಆಗೇತ್ರಿ."

"ಏನ್ ಮಾತಾಡ್ತಿ ಕಾಕಾ. ಸನ್ಮಾನ ಮಾಡೇನಿ."

"ಟಾವೆಲ್ ಕೆಳಗ ಕೈ ಕೊಟ್ಟೀರಿ. ಸಂಚಕಾರ ಕೊಟ್ಟೀರಿ. ನಮ್ಮ ಪ್ಯಾಟ್ಯಾಗ ಆಗಿದ್ರ ನಾನ ನಿಂತು ಕೊಡಸ್ತಿದ್ದೆ. ಆ ಮುದುಕಂದೇನೂ ತಪ್ಪಿಲ್ಲ."

ಗೌಡರು ಅವರನ್ನು ನೋಡಿದರು, ಒಡೆದ ಗಾಜು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಮೇಡಮ್, ಹೇಳಿಬಿಡ್ರಿ. ಭಾರತ ಖರೀದಿ ಮಾಡತೈತಿ, ತಿಂಗಳದಾಗ ಲಾರಿ ಬರತಾವ ಅಂತ ಹೇಳ್ರಿ. ಮೊದಲ ಹಾದಿ ಬಿಡ್ಲಿ."

ಗೌಡರಿಗೆ ಒಂದು ಚೀಲವನ್ನೂ ತರಿಸುವ ಅಧಿಕಾರವಿಲ್ಲ ಎಂದು ನನಗೆ ಗೊತ್ತಿತ್ತು. ಬಾಗಿಲಿಗೆ ಹೋದೆ. ಮೆಟ್ಟಿಲ ಕೆಳಗೆ ನೀಮಾ ಜನಕ್ಕೆ ಬೆನ್ನು ಕೊಟ್ಟು, ಎರಡೂ ಕೈಯಿಂದ ಬಾಗಿಲ ಕಂಬಿ ಹಿಡಿದು ನಿಂತಿದ್ದಳು. ನಮ್ಮ ಬಾಗಿಲು ಇಷ್ಟು ಹೊತ್ತು ಮುಚ್ಚಿಕೊಂಡಿದ್ದದ್ದು ಅವಳಿಂದ. ಗೌಡರು ಹೇಳಿದ್ದನ್ನು ಹೇಳಿದೆ.

ನೀಮಾ ನನ್ನ ಮುಖವನ್ನೇ ನೋಡಿದಳು. "ಇದು ಅವರು ಹೇಳಿದ್ದೋ, ನೀನು ಹೇಳುತ್ತಿರುವುದೋ?"

"ಅವರು ಹೇಳಿದ್ದು," ಎಂದೆ.

ಸುಳ್ಳಲ್ಲ ಅದು. ಅನುವಾದಕಿಯಾಗಿ ನನ್ನದು ಸರಿಯಾದ ಉತ್ತರ.

ಅವಳು ತಿರುಗಿ ಜನಕ್ಕೆ ಹೇಳಿದಳು, ತರಗತಿಯಲ್ಲಿ ಹೇಳುವ ಹಾಗೆ, ದೊಡ್ಡ ದನಿಯಲ್ಲಿ. ಜನ ಏನೋ ಕೇಳಿದರು. ಅವಳು ತನ್ನ ಎದೆಯ ಮೇಲೆ ಕೈಯಿಟ್ಟು ಇನ್ನೇನೋ ಹೇಳಿದಳು. ಆಮೇಲೆ ಅಜ್ಜನ ಕೈಗೆ ತನ್ನ ಕೈ ಕೊಟ್ಟಳು. ಅಜ್ಜ ಬೀಗದ ಕೈಯನ್ನು ಅವಳಿಗೆ ಕೊಟ್ಟ. ಹಿಂದಿನಿಂದ ಕಾಕಾ ಮೆಲ್ಲಗೆ, "ಆ ಹುಡಿಗಿ ಜಾಮೀನ ನಿಂತಳವ್ವ," ಎಂದರು.

ಟೊಂಗೆ ಎಳೆದರು. ನೀಮಾಳಿಂದ ಬೀಗದ ಕೈ ಪಡೆದು ಚಾಲಕ ಹತ್ತಿದ. ಬಸ್ಸು ಹೊರಟಿತು. ಒಡೆದ ಕಿಟಕಿಯ ಹತ್ತಿರ ಬಂದು ನೀಮಾ ನನಗೆ ಒಂದೇ ಮಾತು ಹೇಳಿದಳು. "ಪೋಲೆ." ತಪ್ಪಿಸಿಕೊಂಡು ಹೋಗುತ್ತಿದ್ದವಳು ನಾನು. ಅಲ್ಲೇ ಉಳಿಯುವವಳು ಅವಳು.

ಸವದತ್ತಿ, ಆಮೇಲೆ ಬೈಲಹೊಂಗಲ

ಊರಿಗೆ ಬಂದ ಮೇಲೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಹತ್ತಿದರೂ ಗಾಜಿನ ಸದ್ದಿಗೆ ಎಚ್ಚರ. ಸಂಜೆ ಆರೂ ಹತ್ತಕ್ಕೆ ಅವ್ವ ದೀಪ ಹಚ್ಚಿದರೆ ನಾನು ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದೆ. ಬೈಲಹೊಂಗಲದ ಬಸ್ಸು ತಿರುವಿನಲ್ಲಿ ವಾಲಿದರೆ ಕಂಬಿ ಬಿಗಿ ಹಿಡಿಯುತ್ತಿದ್ದೆ.

ಹತ್ತನೆಯ ದಿನಕ್ಕೆ ನೀಮಾಳ ಸಂದೇಶ ಬಂತು. "ಲಾರಿಗಳು ಯಾವಾಗ?" ಅಷ್ಟೇ. ಗೌಡರ ಮನೆಗೆ ಹೋಗಿ ತೋರಿಸಿದೆ. ಅವರು ಚಹಾ ತರಿಸಿದರು, ನೋಡೋಣ ಎಂದರು. ಯಾರಿಗಾದರೂ ಪತ್ರ ಬರೆಯುತ್ತೀರಾ ಎಂದೆ. ಯಾರಿಗೆ ಬರೆಯಬೇಕೆಂದು ಅವರು ನನ್ನನ್ನೇ ಕೇಳಿದರು. ಅವರು ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದರು.

ಆ ವಾರವೇ ಸವದತ್ತಿಯಲ್ಲಿ ಅವರ ಸಭೆ. "ಅವರ ನೆಲದ ಮ್ಯಾಲೆ ನಿಂತು, ನಿಮ್ಮ ಒಂದು ಕಾಳೂ ಬ್ಯಾಡ ಅಂತ ಹೇಳಿ ಬಂದೇನಿ. ಬಸ್ಸಿಗೆ ಕಲ್ಲು ಬಿದ್ದೂವು, ಅಂಜಲಿಲ್ಲ," ಎಂದರು. ನಾಲ್ಕು ದಿನ ಬಿಟ್ಟು ಬೈಲಹೊಂಗಲದಲ್ಲಿ ಮಿಲ್ಲಿನವರ ಮುಂದೆ, ಒಂದು ಇಡೀ ಗೋದಾಮಿನ ಮಾತು ಮುಗಿಸಿ ಬಂದಿದ್ದೇನೆ, ಸರಕಾರ ಬಾಗಿಲು ತೆರೆಯುವುದಷ್ಟೇ ಬಾಕಿ ಎಂದರು. ಎರಡೂ ಕಡೆ ಚಪ್ಪಾಳೆ. ಎರಡೂ ಕಡೆ ನಾನು ಮುಂದಿನ ಸಾಲಿನಲ್ಲಿದ್ದೆ, ಜೊತೆಗೆ ಹೋಗಿ ಬಂದವಳು ಎಂದು ಕೂರಿಸಿದ್ದರು. ಟವೆಲ್ಲಿನ ಕೆಳಗೆ ಅವರು ಹೇಳಿದ್ದು ಇವೆರಡರಲ್ಲಿ ಯಾವುದು?

ಸಿರಸಂಗಿಗೆ ಹೋಗಿ ಬಸಪ್ಪ ಕಾಕಾನನ್ನು ಕೇಳಿದೆ. ಅವರು ಎಮ್ಮೆಗೆ ಮೇವು ಹಾಕುತ್ತಿದ್ದರು.

"ಟಾವೆಲ್ ಕೆಳಗಿಂದು ನನಗೂ ಗೊತ್ತಿಲ್ಲವ್ವ," ಎಂದರು. "ಇಬ್ಬರಿಗೇ ಗೊತ್ತು. ಅದರಾಗ ಒಬ್ಬಾಂವ ಊರಿಗೊಂದು ಹೇಳತಾನ. ಇನ್ನೊಬ್ಬಾಂವನ ಭಾಷೆ ನಮಗ ಬರೂದಿಲ್ಲ." ಆಮೇಲೆ, ಆ ಹುಡುಗಿಯದು ಏನಾಯಿತು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅವರು ಮೇವಿನ ಬುಟ್ಟಿಯನ್ನು ಅರ್ಧಕ್ಕೇ ಕೆಳಗಿಳಿಸಿದರು.

ಅವತ್ತು ವಾಪಸು ಬರುವ ಬಸ್ಸಿನಲ್ಲೇ ನೀಮಾಳಿಗೆ ಬರೆದೆ. ಗೌಡರಿಗೆ ಅಂಥ ಅಧಿಕಾರವೇ ಇಲ್ಲ, ಲಾರಿ ಬರುವುದಿಲ್ಲ, ನಾನು ಗೊತ್ತಿದ್ದೂ ಹೇಳಿದೆ, ನೀನು ಊರವರಿಗೆ ನಿಜ ಹೇಳಿ ನಿನ್ನ ಜಾಮೀನು ಬಿಡಿಸಿಕೋ ಎಂದು. ಕಳಿಸಿದೆ. ಅವಳು ಓದಿದ್ದಾಳೆಂದು ಫೋನು ತೋರಿಸಿತು. ಉತ್ತರವಿಲ್ಲ. ಒಂದು ವಾರ, ಎರಡು, ನಾಲ್ಕು. ಊರವರು ಅವಳನ್ನು ಏನು ಮಾಡಿರಬಹುದು ಎಂದು ಯೋಚಿಸುವುದೇ ನನ್ನ ರಾತ್ರಿಯ ಕೆಲಸವಾಯಿತು.

ದೊಡವಾಡ

ನಮ್ಮ ಕಡಲೆಯ ಒಕ್ಕಣೆ ಮುಗಿಯುವ ಹೊತ್ತಿಗೆ, ಹೊರಗಿನ ಕಡಲೆಯ ಮೇಲಿನ ಸುಂಕ ತೆಗೆದರು ಎಂಬ ಸುದ್ದಿ ಬಂತು. ತೆಗೆದವರು ದಿಲ್ಲಿಯವರು. ನಮ್ಮ ಗೌಡರ ಹೆಸರನ್ನು ಅವರು ಕೇಳಿರಲಿಕ್ಕಿಲ್ಲ, ಮಾವಿನ ಮರದ ಕೆಳಗಿನ ಟವೆಲ್ಲಿನ ಸುದ್ದಿಯಂತೂ ಇಲ್ಲವೇ ಇಲ್ಲ.

ಅದಾಗಿ ಕೆಲವು ದಿನ ಕಳೆದು, ಒಂದು ಮಂಗಳವಾರ, ಕಾಲೇಜಿನಿಂದ ಬರುವಾಗ ಫೋಟೋ ಬಂತು. ಖಾಲಿ ಉಗ್ರಾಣ. ನೆಲದ ಮೇಲೆ ಚೆಲ್ಲಿದ ಒಂದಷ್ಟು ಕಾಳು, ನಡುವೆ ಕಸಬರಿಗೆ. ಕೆಳಗೆ ನೀಮಾ ಬರೆದಿದ್ದಳು: "ಲಾರಿಗಳು ಬಂದವು. ತಡವಾಯಿತು, ಆದರೂ ಮಾತು ಉಳಿಸಿಕೊಂಡರು ಎಂದು ಹಿರಿಯರು ನಿಮ್ಮ ನಾಯಕರಿಗೆ ನಮಸ್ಕಾರ ಹೇಳಿದ್ದಾರೆ. ಆ ನೋಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ." ಆಮೇಲೆ ಇನ್ನೊಂದು ಸಾಲು: "ನಿನ್ನ ಪತ್ರವನ್ನು ನಾನು ಯಾರಿಗೂ ಅನುವಾದಿಸಲಿಲ್ಲ."

ತಿರುವಿನಲ್ಲಿ ಬಸ್ಸು ವಾಲಿತು. ಕಂಬಿ ಹಿಡಿಯುವುದನ್ನು ಮರೆತೆ.

ಮನೆಗೆ ಬಂದಾಗ ಅಣ್ಣ ಪಡಸಾಲೆಯಲ್ಲಿ ಕಡಲೆ ಚೀಲ ಇಳಿಸುತ್ತಿದ್ದ. ಬೆಳಿಗ್ಗೆ ಬೈಲಹೊಂಗಲಕ್ಕೆ ಒಯ್ದವುಗಳನ್ನು ಮಾರದೆ ತಿರುಗಿ ತಂದಿದ್ದ. "ಹೊರಗಿನ ಮಾಲು ಬಂದೈತಂತ. ದರಾ ಕೇಳಿದ್ರ ಸಿಟ್ಟ ಬರತೈತಿ," ಎಂದ. ಚೀಲವನ್ನು ಗೋಡೆಗೆ ಒರಗಿಸಿ ನನ್ನತ್ತ ತಿರುಗಿದ. "ನೀ ಹೋಗಿ ನೋಡಿ ಬಂದೆಲ್ಲ. ಅವಕ್ಕ ಹುಳಾ ಹಿಡದಿರಲಿಲ್ಲೇನು?"

"ಇಲ್ಲ," ಎಂದೆ. "ಚಲೋ ಇದ್ದೂವು."

ನನ್ನ ಮುಖದಲ್ಲಿ ಅವನಿಗೆ ಏನು ಕಂಡಿತೋ, "ನಗತೀ ಯಾಕ?" ಎಂದ. ನಗುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ. ಅವನ ಚೀಲಗಳು ಮಾರದೆ ಗೋಡೆಗೆ ಒರಗಿದ್ದವು. ಅದೂ ನಿಜ. ನೀಮಾಳ ಖಾಲಿ ಉಗ್ರಾಣ ನನ್ನ ಕೈಯಲ್ಲಿತ್ತು. ಇದೂ ನಿಜ. ಎರಡನ್ನೂ ಒಂದೇ ಕಡೆ ಇಡಲು ನನಗೆ ಈಗಲೂ ಬರುವುದಿಲ್ಲ. ಗೌಡರನ್ನು ನೋಡಿ ಮೊದಲಿನಷ್ಟು ಸಲೀಸಾಗಿ ನಗಲೂ ಆಗುತ್ತಿಲ್ಲ.

ಅಣ್ಣನಿಗೆ ಇನ್ನೂ ಏನೂ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ಆ ರಾತ್ರಿ ಒಳಕೋಣೆಯಲ್ಲಿ ಸೆಕೆ ಎಂದು ಪಡಸಾಲೆಯಲ್ಲೇ, ಚೀಲಗಳ ಪಕ್ಕದಲ್ಲಿ ಹಾಸಿಕೊಂಡೆ. ಅದೇ ಕಡಲೆಯ ವಾಸನೆ, ಆ ಉಗ್ರಾಣದ್ದೇ. ಗಾಜು ಒಡೆಯಲಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಹೊಸ್ತಿಲು ದಾಟಿತ್ತು. ಅವ್ವ ನನ್ನ ಮೇಲೆ ಬಗ್ಗಿ, ಏಳು ಗಂಟೆ ಆಯಿತು, ಇವತ್ತಾದರೂ ಮಲಗಿದೆಯಲ್ಲ ಎಂದಳು.

ಏಳಲ್ಲ, ನೀಮಾಳ ಲೆಕ್ಕಕ್ಕೆ ಈಗಷ್ಟೇ ಒಂದು ಗಂಟೆ, ಎಂದುಕೊಂಡು ಎದ್ದೆ.